ಗಾಯ ಮುಚ್ಚೋ ತನಕ

ಇವತ್ತು ಒಂದು ಮರದಿಂದ ಶುರು ಮಾಡ್ತೀನಿ.

ಜಪಾನಿನ ಸೈತಾಮಾದಲ್ಲಿ ಓಮಿಯಾ ಅಂತ ಬೋನ್ಸಾಯ್ ಊರಿದೆ. 1923ರ ಭೂಕಂಪದ ನಂತರ ಟೋಕಿಯೋದ ಬೋನ್ಸಾಯ್ ತೋಟಗಾರರು ಒಳ್ಳೇ ನೀರು, ಮಣ್ಣು ಹುಡುಕಿ 1925ರಲ್ಲಿ ಅಲ್ಲಿ ನೆಲೆಸಿದರು. ಅಲ್ಲಿ ನೋಡಿದ ಒಂದು ಮೇಪಲ್ ನನ್ನನ್ನ ಬಿಡ್ತಾನೇ ಇಲ್ಲ. ಬೆಟ್ಟದಿಂದ ಅಗೆದು ತಂದ ಹಳೇ ಮರ. ಇಂಥದ್ದಕ್ಕೆ 'ಯಾಮಾದೋರಿ' ಅಂತಾರೆ. ಹಿಂದಿನ ಯಜಮಾನ ಕೊಟ್ಟ ರೂಪವನ್ನ ಹೊಸಬರು ಬದಲಿಸ್ತಾ ಇದ್ದರು. ಒಂದು ದಪ್ಪ ಕೊಂಬೆ ಆಗಲೇ ಹೋಗಿತ್ತು.

ಅದಕ್ಕೆ ಅವರಿಗೇನು ಹಕ್ಕು? ಮರವನ್ನ ಯಾರಾದ್ರೂ ಕೇಳಿದ್ರಾ?

ಜುನಿಪರ್ ಆದರೆ ಸತ್ತ ಕೊಂಬೆಯನ್ನೇ ಬೆಳ್ಳಗೆ ಉಳಿಸಿ ಅಂದ ಅಂತಾರೆ. ಮೇಪಲ್‌ನಲ್ಲಿ ಅದು ಕೊಳೆತುಹೋಗುತ್ತೆ. ಹಾಗಾಗಿ ಕತ್ತರಿಸಿದವನೇ ಗಾಯದ ಅಂಚನ್ನ ಚೂಪು ಚಾಕುವಿನಿಂದ ನುಣುಪು ಮಾಡಿ, ಲೇಪ ಹಚ್ಚಿ, ಸುತ್ತಲಿಂದ ತೊಗಟೆ ಬೆಳೆದು ಮುಚ್ಚೋವರೆಗೂ ವರ್ಷಗಟ್ಟಲೆ ನೋಡಿಕೊಳ್ಳಬೇಕು. ಗಾಯದ ಹತ್ತಿರ ಒಂದು ಚಿಗುರನ್ನ ಬೇಕಂತಲೇ ಉದ್ದಕ್ಕೆ ಬಿಡ್ತಾರೆ. ನೋಡೋಕೆ ಸೊಟ್ಟ, ಆದ್ರೆ ಅದು ಬೆಳೆದಷ್ಟೂ ಗಾಯ ಬೇಗ ಕೂಡುತ್ತೆ.

ಯೋಹಾನ 15 ಓದಿ ನಾವು ಕತ್ತರಿಯನ್ನ ನಮ್ಮ ಕೈಗೇ ತಗೋತೀವಿ. ಅಲ್ಲಿ ಅದು ತಂದೆಯ ಕೈಲಿದೆ, ಗಮನಿಸಿ. ನಾನೂ ತಗೊಂಡಿದ್ದೆ. ಒಬ್ಬ ತಮ್ಮನಿಗೆ ಒಂದೇ ಸಂಜೆಯಲ್ಲಿ ಅವನ ತಪ್ಪುಗಳನ್ನೆಲ್ಲ ಹೇಳಿಬಿಟ್ಟೆ. ಹೇಳಿದ್ದು ಯಾವುದೂ ಸುಳ್ಳಲ್ಲ. ಆಮೇಲೆ ಒಂದು ಫೋನೂ ಮಾಡ್ಲಿಲ್ಲ. ಹಕ್ಕಿನ ಮಾತು ಏನೇ ಇರಲಿ, ಗಾಯದ ಪಕ್ಕ ಕೂರದವನಿಗಂತೂ ಅದಿಲ್ಲ ಅಂತ ಈಗ ಅನ್ನಿಸುತ್ತೆ. ಅವನ ನಂಬರ್ ಇನ್ನೂ ನನ್ನ ಹತ್ರ ಇದೆ. ಇವತ್ತು ಆರಾಧನೆ ಮುಗಿದ ಮೇಲೆ ಮಾಡ್ತೀನಿ.