ಆಟಗಾರನ ಶೀಲವೂ ನೋಟಕರ ತೀರ್ಪೂ

ಮಳೆಗೆ ಬರ ಬಂದ ವರ್ಷಗಳಲ್ಲಿಯೂ ನಮ್ಮ ಜಗಳೂರು ಸೀಮೆಯಲ್ಲಿ ಅಭಿಪ್ರಾಯಗಳಿಗೆ ಬರ ಬಂದುದನ್ನು ಯಾರೂ ಕಂಡಿಲ್ಲ. ವಿಶ್ವಕಪ್ಪಿನ ಪಂದ್ಯವೊಂದು ಮುಗಿದ ಮಾರನೆಯ ದಿನ ಚನ್ನಗಿರಿಯ ಅಡಕೆ ವ್ಯಾಪಾರದ ಅಂಗಡಿಗಳಿಂದ ಹಿಡಿದು ಹೊನ್ನಾಳಿಯ ಹೊಳೆದಂಡೆಯವರೆಗೆ, ನ್ಯಾಮತಿಯ ಸಂತೆಯ ಬೀದಿಯಲ್ಲಿಯೂ ಸಹ, ಯಾವ ಓವರನ್ನು ಯಾರು ಎಸೆಯತಕ್ಕದ್ದಾಗಿತ್ತೆಂಬುದನ್ನು ಅರಿಯದ ಮನುಷ್ಯನು ಸಿಕ್ಕುವುದು ದುರ್ಲಭ. ಇದು ನಿರಪಾಯವಾದ ವಿನೋದವು. ಇದರಿಂದ ಯಾರಿಗೂ ಕೇಡಿಲ್ಲ. ಆದರೆ ಮಾತು ಆಟದಿಂದ ಆಟಗಾರನ ನಡತೆಯ ಕಡೆಗೆ, ಅದರಲ್ಲಿಯೂ ಮೈದಾನದ ಹೊರಗಿನ ನಡತೆಯ ಕಡೆಗೆ ಹೊರಳಿದೊಡನೆ, ನಾವು ವಿನೋದವನ್ನು ಬಿಟ್ಟು ಧರ್ಮವಿಚಾರದ ಹೊಸ್ತಿಲನ್ನು ದಾಟಿರುತ್ತೇವೆ. ದಾಟಿದ್ದೇವೆಂಬ ಅರಿವು ಮಾತ್ರ ನಮಗಿರುವುದಿಲ್ಲ.

೨೦೧೯ರ ಜನವರಿಯ ಸಂಗತಿಯು ವಾಚಕರಿಗೆ ನೆನಪಿರಬಹುದು. ಹಾರ್ದಿಕ್ ಪಾಂಡ್ಯ, ನಮ್ಮ ಕರ್ಣಾಟಕದ ಕೆ. ಎಲ್. ರಾಹುಲ್ ಎಂಬ ಇಬ್ಬರು ಕ್ರಿಕೆಟ್ ಆಟಗಾರರು ದೂರದರ್ಶನದ ಹರಟೆಯ ಕಾರ್ಯಕ್ರಮವೊಂದರಲ್ಲಿ ಕುಳಿತು ಸ್ತ್ರೀಯರನ್ನು ಕುರಿತು ಹಗುರವಾಗಿ ಮಾತನಾಡಿದರು. ಕೆಟ್ಟ ಮಾತಿನ ಹೆಚ್ಚಿನ ಪಾಲು ಪಾಂಡ್ಯನದು. ಆ ತಿಂಗಳ ೧೧ರಂದು, ಸಿಡ್ನಿಯ ಪಂದ್ಯಕ್ಕೆ ಒಂದು ದಿನ ಮುಂಚೆ, ಇಬ್ಬರನ್ನೂ ಆಟದಿಂದ ತಡೆದು ಆಸ್ಟ್ರೇಲಿಯದಿಂದ ಹಿಂದಕ್ಕೆ ಕರೆಸಲಾಯಿತು. ೨೪ರಂದು ತಡೆಯನ್ನು ತೆಗೆದರು; ವಿಚಾರಣಾಧಿಕಾರಿಯ ನೇಮಕವೇ ಇನ್ನೂ ಆಗಿಲ್ಲವೆಂಬುದು ಅದಕ್ಕೆ ಹೇಳಿದ ಕಾರಣ. ಏಪ್ರಿಲಿನಲ್ಲಿ ನಿವೃತ್ತ ನ್ಯಾಯಮೂರ್ತಿ ಡಿ. ಕೆ. ಜೈನ್ ಅವರು ಒಬ್ಬೊಬ್ಬನಿಗೂ ೨೦ ಲಕ್ಷ ರೂಪಾಯಿ ದಂಡವನ್ನು ವಿಧಿಸಿದರು. ಅಪರಾಧ, ಕ್ಷಮಾಯಾಚನೆ, ದಂಡ ಮೂರೂ ಅಲ್ಲಿಗೆ ಮುಗಿದುವು. ನಾನು ವಿಚಾರಮಾಡಬೇಕೆಂದಿರುವುದು ಆ ಇಬ್ಬರು ತರುಣರನ್ನಲ್ಲ, ಅವರನ್ನು ನೋಡುತ್ತ ಕುಳಿತ ನಮ್ಮನ್ನು.

ನಮ್ಮವರಲ್ಲಿ ಒಂದು ಪೂರ್ವಪಕ್ಷವುಂಟು. ಮಡಕೆ ಸೋರದಿದ್ದರೆ ಸಾಕು, ಕುಂಬಾರನ ನಡತೆಯು ನಮಗೇತಕ್ಕೆ ಎಂಬುದು ಅದರ ಸಾರ. ಇದನ್ನು ನಾನು ಅರ್ಧ ಒಪ್ಪುತ್ತೇನೆ. ಆಟಗಾರನು ಹೊಡೆದ ನೂರು ಓಟಗಳು, ಅವನು ಎಂಥವನೇ ಆಗಿರಲಿ, ನೂರು ಓಟಗಳೇ. ಆಟದೊಳಗಿನ ಕಪಟದ ಮಾತು ಬೇರೆ. ದಕ್ಷಿಣ ಆಫ್ರಿಕದ ನಾಯಕನಾಗಿದ್ದ ಹ್ಯಾನ್ಸಿ ಕ್ರೋನಿಯೆಯು ಜೂಜುಗಾರರಿಂದ ಹಣವನ್ನು ಪಡೆದನೆಂದು ೨೦೦೦ದಲ್ಲಿ ತಿಳಿದುಬಂದಾಗ ಮಡಕೆಯೇ ಒಡೆದಿತ್ತು. ಅವನ ಯಾವ ಆಟವು ನಿಜ, ಯಾವುದು ನಟನೆ ಎಂದು ಹೇಳುವವರಾರು? ಮೈದಾನದ ಹೊರಗೆ ಆಡಿದ ಕೆಟ್ಟ ಮಾತಿಗೆ ಅಂಥ ಶಕ್ತಿಯಿಲ್ಲ. ಆದರೆ ನಾವು ಆಟಗಾರನನ್ನು ಕುಂಬಾರನಂತೆ ಕಾಣುತ್ತೇವೆಯೆ? ಕುಂಬಾರನ ಚಿತ್ರವನ್ನು ಯಾರೂ ಮಕ್ಕಳ ಓದುವ ಕೋಣೆಯ ಗೋಡೆಗೆ ಅಂಟಿಸುವುದಿಲ್ಲ, ಅವನ ಹೆಸರನ್ನು ಬೆನ್ನಮೇಲೆ ಬರೆದುಕೊಂಡು ಬೀದಿಯಲ್ಲಿ ನಡೆಯುವುದಿಲ್ಲ, ಅವನಂತೆ ಕೂದಲನ್ನು ಕತ್ತರಿಸಿಕೊಳ್ಳುವುದೂ ಇಲ್ಲ. (ಕುಂಬಾರನಿಗೆ ಸಲ್ಲಬೇಕಾದ ಬೆಲೆಯನ್ನಾದರೂ ಕೊಡುತ್ತೇವೆಯೆ ಎಂಬುದು ಬೇರೆ ಪ್ರಶ್ನೆ.) ಇಡೀ ಮನುಷ್ಯನನ್ನೇ ಪೂಜೆಗೆ ಕೂರಿಸಿ, ದೋಷವು ಕಂಡಾಗ ಮಾತ್ರ ನಮಗೆ ಬೇಕಾದುದು ಮಡಕೆಯಷ್ಟೆ ಎಂದರೆ, ಅದು ವಾದವಲ್ಲ, ನುಣುಚಿಕೊಳ್ಳುವ ಉಪಾಯ.

ಇನ್ನೊಂದು ಪಕ್ಷದವರು ಇದಕ್ಕೆ ತದ್ವಿರುದ್ಧ. ಸೋಲಿಗೆ ಶೀಲದೋಷವೇ ಕಾರಣವೆಂಬುದು ಇವರ ಸಿದ್ಧಾಂತ. ಪಾಠಶಾಲೆಯಲ್ಲಿ ನಮಗೆ ಕಾರಣವನ್ನು ನಿರ್ಣಯಿಸಲು ಅನ್ವಯ ವ್ಯತಿರೇಕಗಳನ್ನು ಕಲಿಸುತ್ತಿದ್ದರು: ಇದು ಇದ್ದರೆ ಅದಿರಬೇಕು, ಇದು ಇಲ್ಲದಿದ್ದರೆ ಅದಿರಕೂಡದು. ಆ ಒರೆಗಲ್ಲಿಗೆ ಇದನ್ನು ಹಚ್ಚಿ ನೋಡೋಣ. ಅದೇ ೨೦೧೯ರ ವಿಶ್ವಕಪ್ಪಿನಲ್ಲಿ ಜುಲೈ ೬ರಂದು ಲೀಡ್ಸಿನಲ್ಲಿ ಶ್ರೀಲಂಕೆಯ ಮೇಲೆ ರಾಹುಲನು ೧೧೧ ಓಟಗಳನ್ನು ಗಳಿಸಿದನು. ೧೦ರಂದು ಮ್ಯಾಂಚೆಸ್ಟರಿನಲ್ಲಿ, ನ್ಯೂಜಿಲೆಂಡಿನ ಎದುರು ಉಪಾಂತ್ಯದ ಪಂದ್ಯದಲ್ಲಿ, ಗಳಿಸಿದುದು ೧. ನಡುವಣ ನಾಲ್ಕು ದಿನಗಳಲ್ಲಿ ಅವನ ಶೀಲವು ನೂರಹತ್ತು ಪಾಲು ಕುಸಿಯಿತೆಂದು ಯಾರಾದರೂ ಹೇಳಿಯಾರೆ? ಅಂದು ರೋಹಿತ್ ಶರ್ಮನೂ ವಿರಾಟ್ ಕೊಹ್ಲಿಯೂ ಒಂದೊಂದೇ ಓಟಕ್ಕೆ ಹಿಂದಿರುಗಿದರು; ಅವರು ಆ ಹರಟೆಯಲ್ಲಿ ಕುಳಿತವರಲ್ಲ. ಹರಟೆಯಲ್ಲಿ ಎಲ್ಲರಿಗಿಂತ ಹೆಚ್ಚು ಮಾತನಾಡಿದ್ದ ಪಾಂಡ್ಯನು ೩೨ ಓಟಗಳನ್ನು ಹೊಡೆದನು. ಭಾರತವು ೧೮ ಓಟಗಳಿಂದ ಸೋತಿತು. ಕಾಗೆಯು ಕುಳಿತುದಕ್ಕೂ ತಾಳೆಯ ಹಣ್ಣು ಬಿದ್ದುದಕ್ಕೂ ಇರುವಷ್ಟೇ ಸಂಬಂಧ ಇಲ್ಲಿಯೂ. ಆದರೂ ಮರುದಿನ ಜನವರಿಯ ಮಾತನ್ನು ಕೆದಕಿ ತೆಗೆದು, ‘ಇಂಥವರನ್ನು ಕಳುಹಿಸಿದರೆ ಇನ್ನೇನಾದೀತು’ ಎಂದವರನ್ನು ನಾನು ಬಲ್ಲೆ. ೧೧೧ರ ದಿನ ಇವರೇ ಮಿಠಾಯಿಯನ್ನು ಹಂಚಿದ್ದರು.

ಎರಡು ಪಕ್ಷಗಳೂ ನಿಜವಾಗಿ ಒಂದೇ ಎಂಬ ಸಂಶಯ ನನಗೆ ಬಂದುದು ೨೦೨೪ರಲ್ಲಿ. ಆ ವರ್ಷ ಐಪಿಎಲ್ ಪಂದ್ಯಗಳಲ್ಲಿ ರೋಹಿತ್ ಶರ್ಮನ ಸ್ಥಾನದಲ್ಲಿ ಪಾಂಡ್ಯನನ್ನು ಮುಂಬಯಿ ತಂಡದ ನಾಯಕನನ್ನಾಗಿ ಮಾಡಿದರು. ಮೈದಾನ ಮೈದಾನಗಳಲ್ಲಿ ಜನರು ಅವನನ್ನು ಕೂಗಿ ಹೀಗಳೆದರು; ಸ್ವಂತ ಮೈದಾನವಾದ ವಾಂಖೆಡೆಯಲ್ಲಿಯೂ ಬಿಡಲಿಲ್ಲ. ಸ್ತ್ರೀಯರನ್ನು ಹಗುರಮಾಡಿ ಆಡಿದ ಮಾತಿಗೆ ಮೈದಾನಗಳಲ್ಲಿ ಏಳದಿದ್ದ ಕೂಗು ನಾಯಕತ್ವದ ಬದಲಾವಣೆಗೆ ಎದ್ದಿತು! ಜೂನ್ ೨೯ರಂದು ಬಾರ್ಬಡೋಸಿನಲ್ಲಿ ಟಿ-೨೦ ವಿಶ್ವಕಪ್ಪಿನ ಅಂತಿಮ ಪಂದ್ಯದ ಕೊನೆಯ ಓವರನ್ನು ಎಸೆದವನು ಅದೇ ಪಾಂಡ್ಯ. ಎದುರಾಳಿಗಳಿಗೆ ೧೬ ಓಟಗಳು ಬೇಕಾಗಿದ್ದುವು, ಅವನು ಕೊಡಲಿಲ್ಲ. ಗೆಲುವು ೭ ಓಟಗಳಿಂದ ನಮ್ಮದಾಯಿತು. ಜುಲೈ ೪ರಂದು ಅದೇ ವಾಂಖೆಡೆಯು ಅವನ ಹೆಸರನ್ನು ಜಯಘೋಷಮಾಡಿತು. ಮನುಷ್ಯನು ಅವನೇ, ಜನರೂ ಬಹುಮಟ್ಟಿಗೆ ಅವರೇ. ಬದಲಾದುದು ನಮ್ಮ ಲಾಭ ನಷ್ಟಗಳ ಲೆಕ್ಕ. ನಮ್ಮ ಕ್ಷಮೆಯನ್ನೂ ಕೋಪವನ್ನೂ ಬರೆಯುತ್ತಿರುವ ಕೈ ಅಂಕಪಟ್ಟಿಯನ್ನು ಬರೆಯುವ ಕೈಯೇ ಆಗಿದ್ದರೆ, ಅದಕ್ಕೆ ಧರ್ಮವೆಂಬ ಹೆಸರನ್ನು ಏತಕ್ಕೆ ಕೊಡಬೇಕು?

ಇದು ನಮ್ಮ ದೇಶಕ್ಕೆ ಮಾತ್ರ ಅಂಟಿದ ರೋಗವಲ್ಲ. ಕಾಲ್ಚೆಂಡಿನ ಮಾಂತ್ರಿಕನೆನಿಸಿದ ಮರಡೋನನು ಇಟಲಿಯ ನೇಪಲ್ಸ್ ನಗರದ ತಂಡದಲ್ಲಿದ್ದಾಗ, ೧೯೯೧ರಲ್ಲಿ, ಮಾದಕದ್ರವ್ಯದ ಪರೀಕ್ಷೆಯಲ್ಲಿ ಸಿಕ್ಕಿಬಿದ್ದು ೧೫ ತಿಂಗಳ ಬಹಿಷ್ಕಾರಕ್ಕೆ ಗುರಿಯಾದನು. ೨೦೨೦ರಲ್ಲಿ ಅವನು ಮೃತನಾದಾಗ ಅದೇ ನಗರವು ತನ್ನ ಕ್ರೀಡಾಂಗಣಕ್ಕೆ ಅವನ ಹೆಸರನ್ನಿಟ್ಟಿತು. ಅವನಾದರೋ ಮುಖ್ಯವಾಗಿ ತನಗೆ ತಾನೇ ಕೇಡುಮಾಡಿಕೊಂಡವನು. ನಗರದ ಪ್ರೀತಿಯಲ್ಲಿ ಮರುಕವೂ ಬೆರೆತಿದ್ದಿರಬೇಕು. ಪರರಿಗೆ ನೋವುಂಟುಮಾಡಿದ ತಪ್ಪಿನಲ್ಲಿ ನೋಟಕರಿಗೆ ಅಷ್ಟು ಸ್ವಾತಂತ್ರ್ಯವಿಲ್ಲ. ಏತಕ್ಕೆಂದರೆ, ಕ್ಷಮಿಸುವ ಹಕ್ಕು ನೊಂದವರದು. ನಮ್ಮ ಸಾಲವನ್ನು ನಾವು ಬಿಟ್ಟುಕೊಡಬಹುದು. ನೆರೆಮನೆಯವರಿಗೆ ಬರಬೇಕಾದ ಸಾಲವನ್ನು ನಾವು ಉದಾರವಾಗಿ ಬಿಟ್ಟುಕೊಡುವುದು ಎಲ್ಲಿಯ ನ್ಯಾಯ?

೨೦ ಲಕ್ಷದ ದಂಡವು ಹೇಗೆ ಹಂಚಿಹೋಯಿತೆಂಬುದನ್ನು ನೋಡಿ. ಕರ್ತವ್ಯದಲ್ಲಿ ಮಡಿದ ಅರೆಸೈನಿಕ ಪಡೆಗಳ ಹತ್ತು ಮಂದಿ ಪೇದೆಗಳ ಪತ್ನಿಯರಿಗೆ ಒಂದೊಂದು ಲಕ್ಷ, ಅಂಧರ ಕ್ರಿಕೆಟ್ಟಿನ ಅಭಿವೃದ್ಧಿಗೆ ಹತ್ತು ಲಕ್ಷ. ಎರಡೂ ಸತ್ಪಾತ್ರದಾನವೇ, ಸಂದೇಹವಿಲ್ಲ. ಆದರೆ ಹಗುರವಾದ ಮಾತಿಗೆ ಗುರಿಯಾದುದು ಸ್ತ್ರೀಜಾತಿ. ತೀರ್ಪಿನ ಹಣದಲ್ಲಿ ಆ ನೋವಿನ ಕಡೆಗೆ ತಿರುಗಿದುದು ಒಂದು ಕಾಸೂ ಇಲ್ಲ. ಹೆಣ್ಣುಮಕ್ಕಳ ಆಟಕ್ಕಾದರೂ ಒಂದು ಪಾಲು ಸಂದಿದ್ದರೆ ಯಾರಿಗೆ ನೋವಾಗಿತ್ತೆಂಬುದು ನೆನಪಿನಲ್ಲಿ ಉಳಿಯುತ್ತಿತ್ತು. ಪಂದ್ಯಕ್ಕೆ ಮುಂಚೆಯೇ ಇಬ್ಬರನ್ನೂ ಹಿಂದಕ್ಕೆ ಕರೆಸಿದ ಧೈರ್ಯವನ್ನು ಮಾತ್ರ ನಾನು ಮನಃಪೂರ್ವಕವಾಗಿ ಹೊಗಳುತ್ತೇನೆ.

ಆ ಧೈರ್ಯವು ಎಷ್ಟು ವಿರಳವೆಂಬುದನ್ನು ಉಪಾಧ್ಯಾಯನಾಗಿದ್ದಾಗ ಸಮೀಪದಿಂದ ಕಂಡಿದ್ದೇನೆ. ಊರಿನ ಹೆಸರು ಬೇಡ. ಶಾಲೆಯ ಕಬಡ್ಡಿ ತಂಡದ ಅತ್ಯುತ್ತಮ ಆಟಗಾರನಾದ ಹುಡುಗನೊಬ್ಬನು ಸಹಪಾಠಿ ಬಾಲಿಕೆಯನ್ನು ಕುರಿತು ಬಾಯಿಂದ ಹೇಳಲಾಗದ ಮಾತುಗಳನ್ನು ಗೋಡೆಯ ಮೇಲೆ ಬರೆದನು. ತಾಲ್ಲೂಕು ಪಂದ್ಯಕ್ಕೆ ಎರಡು ದಿನಗಳಿದ್ದುವು. ಅವನನ್ನು ತಂಡದಿಂದ ಬಿಡಬೇಕೆಂದು ನಾನೂ ಇನ್ನೊಬ್ಬ ಉಪಾಧ್ಯಾಯಿನಿಯೂ ಹೇಳಿದೆವು. ‘ಪಂದ್ಯ ಮುಗಿಯಲಿ, ಆಮೇಲೆ ನೋಡೋಣ’ ಎಂದು ಮಿಕ್ಕವರೆಲ್ಲರೂ ತೀರ್ಮಾನಿಸಿದರು. ಪಂದ್ಯ ಮುಗಿಯಿತು. ಗೆದ್ದುದರಿಂದ ಜಿಲ್ಲಾಮಟ್ಟದ ಪಂದ್ಯವು ಬಂದಿತು. ಆಮೇಲೆ ಪರೀಕ್ಷೆಗಳು ಬಂದುವು. ಗೋಡೆಗೆ ಸುಣ್ಣವನ್ನು ಬಳಿದರು. ಮುಂದಿನ ವರ್ಷ ಹಾಜರಿಪುಸ್ತಕದಲ್ಲಿ ಆ ಬಾಲಿಕೆಯ ಹೆಸರಿರಲಿಲ್ಲ. ಹುಡುಗನೂ ಹಾಳಾಗಲಿಲ್ಲ, ಒಳ್ಳೆಯ ಉದ್ಯೋಗದಲ್ಲಿದ್ದಾನೆ. ಆದರೆ ತಪ್ಪೊಪ್ಪಿಕೊಂಡು ಹಗುರಾಗುವ ಅವಕಾಶವನ್ನು ಅವನಿಗೂ ನಾವು ಕೊಡಲಿಲ್ಲ.

ಪಂಪನ ನಾಡಿನವರಾದ ನಮಗೆ ಕರ್ಣನ ಮೇಲೆ ವಿಶೇಷವಾದ ಪಕ್ಷಪಾತ. ಅವನ ದಾನ, ಅವನ ನನ್ನಿ, ಅವನ ಬಿಲ್ಲು ಎಲ್ಲವನ್ನೂ ಕೊಂಡಾಡುತ್ತೇವೆ; ತುಂಬಿದ ಸಭೆಯಲ್ಲಿ ದ್ರೌಪದಿಯನ್ನು ಕುರಿತು ಅವನಾಡಿದ ಮಾತು ಬಂದಾಗ ಪುಟವನ್ನು ಬೇಗನೆ ಮಗುಚುತ್ತೇವೆ. ರಥದ ಗಾಲಿಯು ಹೂತಾಗ ಕೃಷ್ಣನು ಆ ಮಾತನ್ನು ಎತ್ತಿದನೆಂಬುದೇನೋ ನಿಜ. ಆದರೆ ಅವನು ಎತ್ತಿದುದು ಕರ್ಣನು ಸೋಲುತ್ತಿದ್ದನೆಂದಲ್ಲ, ಕರ್ಣನೇ ಧರ್ಮವನ್ನು ಸಾಕ್ಷಿಗೆ ಕರೆದನೆಂದು. ಇದಕ್ಕೆ ಬಹಳ ಮುಂಚೆ, ಸೋಲುಗೆಲುವುಗಳಾವುವೂ ತೀರ್ಮಾನವಾಗದಿದ್ದಾಗ, ಉದ್ಯೋಗಪರ್ವದಲ್ಲಿ ಕರ್ಣನು ಕೃಷ್ಣನೊಡನೆ ಏಕಾಂತದಲ್ಲಿ, ದುರ್ಯೋಧನನ ಪ್ರೀತಿಗಾಗಿ ತಾನಾಡಿದ ಕಟುವಾಕ್ಯಗಳಿಗೆ ಇಂದು ಬೇಯುತ್ತಿದ್ದೇನೆಂದು ಹೇಳಿಕೊಳ್ಳುತ್ತಾನೆ. ಹಲವು ಬಾರಿ ಆ ಭಾಗವನ್ನು ಪಾಠಹೇಳಿದ ಮೇಲೆ ನನ್ನ ಗಮನಕ್ಕೆ ಬಂದುದೊಂದುಂಟು: ಆ ಮಾತಿನಲ್ಲಿ ಅವನು ಹೆಸರಿಸುವುದು ಪಾಂಡವರನ್ನು, ದ್ರೌಪದಿಯನ್ನಲ್ಲ.