ಮನೆಯಲ್ಲಿರುವುದೂ ಮನೆಯವರೊಡನಿರುವುದೂ

ಶಾರ್ವರಿ ಸಂವತ್ಸರದ ಯುಗಾದಿಯು 2020ನೆಯ ಮಾರ್ಚ್ 25ರಂದು ಬಂದಿತು. ಮಹಾಮಾರಿಯ ನಿಮಿತ್ತ ದೇಶವನ್ನೆಲ್ಲ ಮನೆಯೊಳಗಿರಿಸಿದ ಲಾಕ್‌ಡೌನ್ ಮೊದಲಾದುದೂ ಅದೇ ದಿನ. ಅದರ ಹಿಂದುಮುಂದಿನ ವಾರಗಳಲ್ಲಿ ಬೆಂಗಳೂರಿನ ಕಂಪನಿಗಳಲ್ಲಿ ದುಡಿಯುತ್ತಿದ್ದ ನಮ್ಮ ಮಕ್ಕಳು ಗಂಟುಮೂಟೆಯೊಡನೆ ಮೈಸೂರಿಗೆ ಮರಳಿದರು. ಶ್ರೀರಾಂಪುರದಂತಹ ಬಡಾವಣೆಗಳಲ್ಲಿ ವೃದ್ಧ ದಂಪತಿಗಳಿಬ್ಬರೇ ಇದ್ದ ಎಷ್ಟೋ ಮನೆಗಳು ಒಮ್ಮೆಲೇ ತುಂಬಿದವು. ಹಬ್ಬಹುಣ್ಣಿಮೆಗೆ ಮಾತ್ರ ಬಂದುಹೋಗುತ್ತಿದ್ದ ಮಗನು ನಿತ್ಯವೂ ಪಂಕ್ತಿಯಲ್ಲಿ ಕುಳಿತು ಉಣ್ಣುವನೆಂದರೆ ತಾಯಿಗೆ ಅದಕ್ಕಿಂತ ಹೆಚ್ಚಿನದೇನು ಬೇಕು? ಮುಂದೆ ಕೆಲವು ಕಂಪನಿಗಳು ವಾರಕ್ಕೆ ಎರಡು ಮೂರು ದಿನವಾದರೂ ಬರಬೇಕೆಂದು ಕರೆದುಕೊಂಡವು. ಆದರೂ ಮನೆಯಿಂದಲೇ ಕಚೇರಿಯ ಕೆಲಸ ಮಾಡುವ ಪದ್ಧತಿಯು ಪೂರ್ಣವಾಗಿ ನಿಂತಿಲ್ಲ.

ಆದರೆ ಆ ತಾಯಂದಿರನ್ನು ಈಗ ಕೇಳಿ ನೋಡಬೇಕು. ‘ಮಗ ಮನೆಯಲ್ಲೇ ಇದ್ದಾನೆ, ಮಾತಿಗೆ ಸಿಗುವುದಿಲ್ಲ’ ಎಂಬ ಉತ್ತರವು ಬಂದರೆ ಆಶ್ಚರ್ಯವಿಲ್ಲ. ನಮ್ಮ ಸಿದ್ಧಾಂತದಲ್ಲಿ ಮುಕ್ತಿಯಲ್ಲಿಯೂ ತಾರತಮ್ಯವುಂಟು. ಸಾಲೋಕ್ಯವೇ ಬೇರೆ, ಸಾಮೀಪ್ಯವೇ ಬೇರೆ. ಲೌಕಿಕಕ್ಕೆ ಈ ಮಾತನ್ನು ಎಳೆದು ತಂದುದಕ್ಕಾಗಿ ಪಂಡಿತರು ಕ್ಷಮಿಸಬೇಕು. ಲ್ಯಾಪ್‌ಟಾಪಿನ ಮುಂದೆ ಬಾಗಿಲು ಹಾಕಿಕೊಂಡು ಕುಳಿತ ಮಗನು ತಂದೆತಾಯಿಗಳಿಗೆ ಕೊಟ್ಟಿರುವುದು ಸಾಲೋಕ್ಯವನ್ನು ಮಾತ್ರ.

ಮನೆಯಲ್ಲಿಯೇ ವೃತ್ತಿಯನ್ನು ನಡೆಸುವುದು ನಮಗೆ ಹೊಸತೇನೂ ಅಲ್ಲ. ವಿದ್ಯಾರ್ಥಿಗಳನ್ನು ಮನೆಯಲ್ಲಿಯೇ ಇರಿಸಿಕೊಂಡು ಪಾಠ ಹೇಳಿದ ವಿದ್ವಾಂಸರ ಮನೆಗಳು ಪಾಠಶಾಲೆಗಳೇ ಆಗಿದ್ದವು. ಮೈಸೂರಿನ ಊದುಬತ್ತಿಗೆ 2005ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತಷ್ಟೆ. ಆ ಹೆಸರಿನ ಹಿಂದೆ ದಶಕಗಳ ಕಾಲ ತಮ್ಮ ಮನೆಯ ಜಗಲಿಯಲ್ಲಿ ಕುಳಿತು ಬತ್ತಿ ಹೊಸೆದ ಹೆಂಗಸರ ದುಡಿಮೆ ಇದೆ. ಆದರೆ ಅಲ್ಲಿ ಕೆಲಸವು ಮನೆಯವರೆಲ್ಲರ ಕಣ್ಣೆದುರಿಗೆ ನಡೆಯುತ್ತಿತ್ತು. ಮಗು ನೋಡಿ ಕಲಿಯುತ್ತಿತ್ತು, ಮುದುಕಿಯು ಮಾತನಾಡಿಸುತ್ತಿದ್ದಳು, ಕತ್ತಲಾದರೆ ಕೈ ನಿಲ್ಲುತ್ತಿತ್ತು. ಈಗಿನ ಕೆಲಸವು ಕಿವಿಯ ಸಾಧನದೊಳಗೆ ನಡೆಯುತ್ತದೆ. ಅದರ ಗಡಿಯಾರವೂ ಬೇರೊಂದು ದೇಶದ್ದು. ನ್ಯೂಯಾರ್ಕಿನಲ್ಲಿ ಬೇಸಿಗೆಯ ಬೆಳಿಗ್ಗೆ 9 ಗಂಟೆಯಾದಾಗ ನಮ್ಮಲ್ಲಿ ಸಂಜೆ 6-30. ಅವರು ಕಚೇರಿಯ ಬಾಗಿಲು ತೆಗೆಯುವುದೂ ನಾವು ದೇವರಿಗೆ ದೀಪ ಹಚ್ಚುವುದೂ ಒಂದೇ ಮುಹೂರ್ತದಲ್ಲಿ! ಮಧ್ಯರಾತ್ರಿ ಕಳೆದು ಮಲಗಿದವನನ್ನು ದ್ವಾದಶಿಯ ಪಾರಣೆಗೆಂದು ಬೆಳಗಿನ ಜಾವದಲ್ಲಿ ಎಬ್ಬಿಸಬೇಕಾದ ತಾಯಿಯ ಸಂಕಟವನ್ನು ಬಲ್ಲವರೇ ಬಲ್ಲರು.

ಈ ಸಂದರ್ಭದಲ್ಲಿ ನಮ್ಮ ಮನೆಗಳಿಗೆ ಚೆನ್ನಾಗಿ ಗೊತ್ತಿರುವ ಒಂದು ವ್ಯವಸ್ಥೆಯನ್ನು ನೆನೆಯಬಹುದು. ಮಡಿಯಲ್ಲಿರುವವರನ್ನು ಯಾರೂ ಮುಟ್ಟುವುದಿಲ್ಲ, ಅನಾವಶ್ಯಕವಾಗಿ ಕರೆಯುವುದಿಲ್ಲ. ಮೂರು ವರ್ಷದ ಮಗುವೂ ದೂರ ನಿಲ್ಲುವುದನ್ನು ಕಲಿಯುತ್ತದೆ. ಹಾಗಿರುವಾಗ ಮೀಟಿಂಗಿನಲ್ಲಿರುವ ಮಗನನ್ನು ಗ್ಯಾಸ್ ಸಿಲಿಂಡರ್ ಬದಲಾಯಿಸಲು ಕರೆಯಬಾರದೆಂಬುದನ್ನು ಹಿರಿಯರು ತಿಳಿಯಲಾರರೇ? ತಿಳಿಯಬಲ್ಲರು. ಆದರೆ ಮಡಿಗೆ ಒಂದು ಮುಕ್ತಾಯವಿದೆ. ಪೂಜೆ, ನೈವೇದ್ಯ, ಭೋಜನಗಳಾದ ಮೇಲೆ ಮಡಿಯುಟ್ಟವರೂ ಮನೆಯವರಲ್ಲಿ ಒಬ್ಬರಾಗುತ್ತಾರೆ. ಇವನ ಮಡಿಗಾದರೋ ಮುಗಿತಾಯವೇ ಇಲ್ಲ. ಊಟದ ಎಲೆಯ ಪಕ್ಕದಲ್ಲಿಯೂ ಫೋನು. ಮಂಗಳಾರತಿಯ ಗಂಟೆಯನ್ನು ಬಾರಿಸಬೇಡಿರೆಂದು ಕೇಳುವ ಸ್ಥಿತಿಯೂ ಕೆಲವು ಮನೆಗಳಲ್ಲಿ ಒದಗಿದೆ. ಎರಡು ನಿಮಿಷ ತನ್ನ ಧ್ವನಿಯನ್ನು ಮುಚ್ಚಿಡುವ ಗುಂಡಿಯು ಆ ಯಂತ್ರದಲ್ಲಿಯೇ ಇರುವಾಗ ಗಂಟೆಯನ್ನೇಕೆ ನಿಲ್ಲಿಸಬೇಕೋ ತಿಳಿಯದು.

ಒಡೆಯನ ಪಕ್ಷವನ್ನೂ ನ್ಯಾಯವಾಗಿ ನೋಡಬೇಕು. ವೇತನವನ್ನು ಪಡೆದ ಹೊತ್ತು ಒಂದು ಋಣ. ಆ ಹೊತ್ತಿನಲ್ಲಿ ಯಂತ್ರವನ್ನು ತೆರೆದಿಟ್ಟು ದೇವರಾಜ ಮಾರುಕಟ್ಟೆಗೆ ಹೋಗಿಬರುವುದು, ಯಾರಿಗೂ ತಿಳಿಯದಿದ್ದರೂ, ಅಸ್ತೇಯವೆನಿಸದು. ಅಂತೆಯೇ ರಾತ್ರಿ ಹನ್ನೊಂದಕ್ಕೆ ಹೊತ್ತಲ್ಲದ ಹೊತ್ತಿನಲ್ಲಿ ಕರೆಯುವ ಅಧಿಕಾರಿಯೂ ತಾನು ಕೊಳ್ಳದ ವಸ್ತುವನ್ನು ಒಯ್ಯುತ್ತಿದ್ದಾನೆ. ಫ್ರಾನ್ಸ್ ದೇಶದಲ್ಲಿ 2017ರಿಂದ, ಕೆಲಸದ ವೇಳೆ ಕಳೆದ ಮೇಲೆ ಸಂಪರ್ಕವನ್ನು ಕಡಿದುಕೊಳ್ಳುವ ಹಕ್ಕನ್ನು ಶಾಸನವು ಮಾನ್ಯ ಮಾಡಿದೆ. ನಮ್ಮ ಲೋಕಸಭೆಯಲ್ಲಿಯೂ 2018ರಲ್ಲಿ ಸದಸ್ಯೆಯೊಬ್ಬರು ಇದೇ ಆಶಯದ ಖಾಸಗಿ ಮಸೂದೆಯನ್ನು ಮಂಡಿಸಿದ್ದರು. ಶಾಸನವು ಬಂದರೆ ಒಳ್ಳೆಯದೇ. ಆದರೆ ಯಾರೂ ಕರೆಯದಿದ್ದರೂ ಐದು ನಿಮಿಷಕ್ಕೊಮ್ಮೆ ಫೋನನ್ನು ತಾನಾಗಿ ತೆರೆದು ನೋಡುವ ಕೈಯನ್ನು ಯಾವ ಶಾಸನ ತಡೆದೀತು?

ಇಷ್ಟು ಹೊತ್ತೂ ಮಗನ ಮಾತಾಯಿತು. ವಾಸ್ತವವಾಗಿ ಈ ವಿಷಯದ ಭಾರವೆಲ್ಲ ಬಿದ್ದಿರುವುದು ಸೊಸೆಯ ಮೇಲೆ. ಅವಳಿಗೂ ಅಂತಹದೇ ಉದ್ಯೋಗ, ಅಂತಹದೇ ಮೀಟಿಂಗು. ಆದರೂ ‘ಅವನಿಗೆ ಕೆಲಸವಿದೆ’ ಎನ್ನುವ ಬಾಯಿಯೇ ‘ಅವಳು ಮನೆಯಲ್ಲೇ ಇದ್ದಾಳಲ್ಲ’ ಎನ್ನುತ್ತದೆ. ಅವನಿಗೆ ಬಾಗಿಲುಳ್ಳ ಕೋಣೆ, ಅವಳಿಗೆ ಅಡಿಗೆಮನೆಯ ಪಕ್ಕದ ಮೇಜು. ಕುಕ್ಕರಿನ ಕೂಗನ್ನು ಎಣಿಸುತ್ತಲೇ ಅವಳು ಲೆಕ್ಕ ಒಪ್ಪಿಸಬೇಕು. ಕೇಂದ್ರ ಸರ್ಕಾರದ 2019ರ ಕಾಲವಿನಿಯೋಗ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದವರ ಪೈಕಿ ಹೆಂಗಸರು ಅದಕ್ಕೆ ದಿನವೊಂದಕ್ಕೆ ಸರಾಸರಿ 299 ನಿಮಿಷಗಳನ್ನೂ ಗಂಡಸರು 97 ನಿಮಿಷಗಳನ್ನೂ ವ್ಯಯಿಸುತ್ತಿದ್ದರು. 2024ರಲ್ಲಿ ಅದು 289 ಮತ್ತು 88 ಆಯಿತು. ನಡುವೆ ಎಷ್ಟೋ ಗಂಡಸರು ಮನೆಯಲ್ಲಿಯೇ ಕುಳಿತು ಕಣ್ಣಾರೆ ಎಲ್ಲವನ್ನೂ ಕಂಡ ಕಾಲವು ಕಳೆದಿದ್ದಿತೆಂಬುದನ್ನು ನೆನೆದರೆ ಈ ಅಂಕಿಗಳು ನಮಗೆ ಭೂಷಣವಲ್ಲ. ಗೃಹಸ್ಥನಿಗೆ ವಿಧಿಸಿದ ಪಂಚಮಹಾಯಜ್ಞಗಳಲ್ಲಿ ಅತಿಥಿಸತ್ಕಾರವೂ ಒಂದು. ಅದರ ಪುಣ್ಯವು ಗಂಡನಿಗೆ, ಪಾತ್ರೆ ತೊಳೆಯುವ ಶ್ರಮವು ಹೆಂಡತಿಗೆ ಎಂದು ಹಂಚಿಕೊಟ್ಟವರು ನಾವೇ.

ಮೊದಲು ಕಚೇರಿಗೆ ಹೋದವರು ಸಂಜೆ ಹೊಸ್ತಿಲು ದಾಟಿ ಬರುತ್ತಿದ್ದರು. ಚಪ್ಪಲಿ ಬಿಟ್ಟು, ಕೈಕಾಲು ತೊಳೆದು, ಹಣೆಗೆ ಇಟ್ಟುಕೊಂಡು ಕೂರುವಷ್ಟರಲ್ಲಿ ಕಚೇರಿಯು ಹೊರಗೇ ಉಳಿಯುತ್ತಿತ್ತು. ಕೋಣೆಯಿಂದ ನಡುಮನೆಗೆ ನಾಲ್ಕು ಹೆಜ್ಜೆಯಾದರೂ ಆ ಕ್ರಮವನ್ನು ಬಿಡಬೇಕಾಗಿಲ್ಲ. ಕೆಲಸ ಮುಗಿಯುವ ವೇಳೆಯನ್ನು ಬೆಳಿಗ್ಗೆಯೇ ಮನೆಯವರಿಗೆ ಹೇಳಿಡಬಹುದು. ಯಂತ್ರವನ್ನು ಮುಚ್ಚಿ, ಕಣ್ಣಿಗೆ ಬೀಳದಂತೆ ಎತ್ತಿಟ್ಟು, ಕೈಕಾಲು ತೊಳೆದೇ ಹೊರಬರಬಹುದು. ಅಮೆರಿಕದ ಮೀಟಿಂಗು ಆರೂವರೆಗಿದ್ದರೆ ಆರೂಕಾಲಿಗೆ ಎಲ್ಲರೂ ಸೇರಿ ದೀಪ ಹಚ್ಚಿ, ಒಂದು ದೇವರನಾಮ ಹೇಳಿ ಏಳಬಹುದು. ಹದಿನೈದು ನಿಮಿಷಗಳ ಆ ಸಾಮೀಪ್ಯಕ್ಕೆ ಯಾವ ಕಂಪನಿಯೂ ಅಡ್ಡಬರಲಾರದು. ಇನ್ನು ಎಂಟು ಗಂಟೆ ದುಡಿದು ಸೊಸೆಯು ಆ ಮೇಜಿನಿಂದ ಎದ್ದು ಬಂದಾಗ, ನಿವೃತ್ತರಾದ ಮಾವನವರು ಒಂದು ಲೋಟ ಕಾಫಿಯನ್ನು ತಾವೇ ಬೆರೆಸಿ ಅವಳ ಕೈಗೆ ಕೊಡುವುದಕ್ಕೆ ಯಾವ ಶಾಸ್ತ್ರದ ನಿಷೇಧವಿದೆ?