ನಡಿಗೆ ಮತ್ತು ನಿಯಮ

ಶಿವರಾತ್ರಿ ಸಮೀಪಿಸಿತೆಂದರೆ ಮೂಡಿಗೆರೆ, ಕೊಟ್ಟಿಗೆಹಾರಗಳ ಮಾರ್ಗದಲ್ಲಿ ಧರ್ಮಸ್ಥಳದ ಪಾದಯಾತ್ರಿಕರು ಸಾಲುಗಟ್ಟುತ್ತಾರೆ. ನಸುಕಿನಲ್ಲೇ ಹೊರಡುವುದು, ಕಾಫಿತೋಟದ ಬದಿಯಲ್ಲಿ ದಾನಿಗಳು ಕೊಡುವ ಮಜ್ಜಿಗೆ, ಉರಿಬಿಸಿಲಿನಲ್ಲಿ ಮರದಡಿಯ ವಿಶ್ರಾಂತಿ, ರಾತ್ರಿ ಪಾದದ ಬೊಬ್ಬೆಗಳ ಉಪಚಾರ. ಇದೇ ಅವರ ದಿನಚರಿ. ಮಂಜುನಾಥಸ್ವಾಮಿಯ ಭಕ್ತರೊಡನೆ, ಅಲ್ಲಿ 1982ರಲ್ಲಿ ಪ್ರತಿಷ್ಠಾಪಿತನಾದ 39 ಅಡಿಯ ಬಾಹುಬಲಿಯನ್ನು ನೆನೆದು ನಾನೂ ಒಮ್ಮೆ ನಡೆದೆ.

ಸೂರ್ಯಾಸ್ತಾನಂತರ ನೀರನ್ನೂ ಮುಟ್ಟೆನೆಂಬುದು ನನ್ನ ನಿಯಮ. ಚಾರ್ಮಾಡಿ ಘಾಟಿಯ ಇಳಿಜಾರಿನಲ್ಲಿ ಸಹಯಾತ್ರಿಕರೊಬ್ಬರ ಪಾದ ಬಿರಿದು ಅವರು ಹಿಂದುಳಿದರು. ಹೊತ್ತು ಮುಳುಗುವ ಮೊದಲು ತಂಗುದಾಣ ಸೇರಿ ಉಣ್ಣಬೇಕಿದ್ದ ನಾನು ಅವರನ್ನು ಬಿಟ್ಟು ಮುನ್ನಡೆದೆ, ಸಕಾಲದಲ್ಲಿ ಉಂಡೆ. ಕತ್ತಲಾದ ಮೇಲೆ ಅವರು ಒಬ್ಬರೇ ಕುಂಟುತ್ತ ಬಂದು, "ಮೇಷ್ಟ್ರೇ, ನಿಮ್ಮ ಊಟ ಹೊತ್ತಿಗೆ ಸರಿಯಾಗಿ ಆಯಿತಷ್ಟೆ?" ಎಂದು ಅಕ್ಕರೆಯಿಂದಲೇ ಕೇಳಿದರು. ನನಗೆ ಉತ್ತರ ಹೊರಡಲಿಲ್ಲ.

ಮುನಿಗಳಿಗೆ ಈರ್ಯಾಸಮಿತಿ ವಿಹಿತವಾಗಿದೆ: ಹಗಲಿನಲ್ಲಿ, ಮುಂದಿನ ನಾಲ್ಕು ಮೊಳ ನೆಲವನ್ನು ನೋಡುತ್ತ, ಜೀವಿಗಳಿಗೆ ಬಾಧೆಯಾಗದಂತೆ ನಡೆಯಬೇಕು. ಜೀವೋತ್ಪತ್ತಿ ಅಧಿಕವಾದ ಮಳೆಗಾಲದ ನಾಲ್ಕು ತಿಂಗಳು ಅವರು ವಿಹಾರವನ್ನೇ ನಿಲ್ಲಿಸುತ್ತಾರೆ. ನಡೆಯುವುದೂ ನಿಲ್ಲುವುದೂ ಪರಜೀವಿಯ ನಿಮಿತ್ತವೇ. ಆ ದಿನ ದಾರಿಯ ಇರುವೆಗಳನ್ನು ದಾಟಿ ಹೆಜ್ಜೆಯಿಟ್ಟ ನಾನು ಹಿಂದಿದ್ದ ಮನುಷ್ಯನನ್ನು ತಿರುಗಿ ನೋಡಲಿಲ್ಲ.

ಹಾಗಾದರೆ ಪರೋಪಕಾರಕ್ಕಾಗಿ ವ್ರತಭಂಗ ಮಾಡಬಹುದೇ ಎಂದು ವಾಚಕರು ಕೇಳಬಹುದು. ಅಂದು ಆ ಪ್ರಶ್ನೆಯೇ ಇರಲಿಲ್ಲ. ಅವರೊಡನೆ ಉಳಿದಿದ್ದರೆ ನನ್ನ ನಿಯಮಕ್ಕೆ ಕುಂದಿರಲಿಲ್ಲ. ಒಂದು ಹೊತ್ತಿನ ಉಪವಾಸ ಹೆಚ್ಚುತ್ತಿತ್ತು, ಅಷ್ಟೆ. ನಾನು ಕಾಪಾಡಿಕೊಂಡದ್ದು ವ್ರತವನ್ನಲ್ಲ, ಊಟವನ್ನು. ಇದನ್ನರಿಯಲು ನನಗೆ ಅನೇಕ ವರ್ಷಗಳು ಬೇಕಾದವು.